ಸತ್ತ ಮೇಲೂ ಮುಗಿಯದ ದುಡಿಮೆ: ಜಾಂಬಿ ಸಿನಿಮಾಗಳು ಯಾರನ್ನು ಅಣಕಿಸುತ್ತಿವೆ?

ಇವತ್ತಿನ ಸಂಚಿಕೆಯಲ್ಲಿ ಸ್ವಲ್ಪ ರಕ್ತ ಇದೆ, ಅದಕ್ಕಿಂತ ಜಾಸ್ತಿ ಸಕ್ಕರೆ ಇದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಇನ್ನೊಂದು ಮಾತು: ಕೆಲವು ಸಿನಿಮಾಗಳ ಕ್ಲೈಮ್ಯಾಕ್ಸ್ ಹೇಳಲೇಬೇಕಾಗಿದೆ. ನೋಡದವರು ಬೇಜಾರು ಮಾಡ್ಕೋಬೇಡಿ.

1968ರ ಏಪ್ರಿಲ್ 4ರ ರಾತ್ರಿ. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ನ್ಯೂಯಾರ್ಕ್ ಕಡೆಗೆ ಒಂದು ಕಾರು ಹೊರಟಿದೆ. ಒಳಗೆ 28 ವರ್ಷದ ಜಾರ್ಜ್ ರೊಮೆರೊ. ಡಿಕ್ಕಿಯಲ್ಲಿ ಅವರ ಮೊದಲ ಸಿನಿಮಾದ ಪ್ರಿಂಟ್. ಅದನ್ನು ಕೊಳ್ಳುವ ವಿತರಕರು ಯಾರಾದರೂ ಸಿಗ್ತಾರಾ ಅನ್ನೋದು ಅವರ ಚಿಂತೆ. ದಾರಿಯಲ್ಲಿ ಕಾರಿನ ರೇಡಿಯೊ ಒಂದು ಸುದ್ದಿ ಹೇಳಿತು: ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದಿದ್ದಾರೆ.

ಡಿಕ್ಕಿಯಲ್ಲಿದ್ದ ಆ ಸಿನಿಮಾದ ಕೊನೆಯಲ್ಲೂ ಒಬ್ಬ ಕಪ್ಪು ವರ್ಣದ ನಾಯಕ ಗುಂಡೇಟಿಗೆ ಸಾಯುತ್ತಾನೆ. ಹೊಡೆಯುವವರು ಬಿಳಿಯರು. ರೊಮೆರೊ ಇದನ್ನು ಮುಂದೆ ಎಷ್ಟೋ ಸಲ ನೆನಪು ಮಾಡಿಕೊಂಡಿದ್ದಾರೆ. ಕಥೆ ಬರೆಯುವಾಗ ಆ ಪಾತ್ರಕ್ಕೆ ಬಣ್ಣವೇ ಇರಲಿಲ್ಲ, ಆಡಿಷನ್‌ನಲ್ಲಿ ಚೆನ್ನಾಗಿ ಮಾಡಿದವರು ಡ್ವೇನ್ ಜೋನ್ಸ್, ಅದಕ್ಕೇ ಅವರನ್ನು ತಗೊಂಡ್ವಿ ಅನ್ನೋದು ಅವರ ಮಾತು. ಆದರೆ ಆ ರಾತ್ರಿಯ ನಂತರ ಆ ಸಿನಿಮಾವನ್ನು ಬರೀ ಹೆದರಿಸುವ ಸಿನಿಮಾ ಅಂತ ನೋಡೋದು ಯಾರಿಗೂ ಸಾಧ್ಯ ಆಗಲಿಲ್ಲ.

ಆ ಸಿನಿಮಾದ ಹೆಸರು ‘ನೈಟ್ ಆಫ್ ದ ಲಿವಿಂಗ್ ಡೆಡ್’. ಇವತ್ತು ನಾವು ವೆಬ್ ಸೀರೀಸ್‌ನಲ್ಲಿ, ಮೊಬೈಲ್ ಗೇಮ್‌ನಲ್ಲಿ ನೋಡುವ ಜಾಂಬಿ, ಅಂದರೆ ಕಾಲೆಳೆದುಕೊಂಡು ಗುಂಪಾಗಿ ಬಂದು ಮನುಷ್ಯರನ್ನು ತಿನ್ನುವ ಹೆಣ, ಹುಟ್ಟಿದ್ದು ಅಲ್ಲಿ. ಆದರೆ ಜಾಂಬಿ ಎಂಬ ಕಲ್ಪನೆ ಅದಕ್ಕಿಂತ ಎಷ್ಟೋ ಹಳೆಯದು. ಅದರ ಮೂಲದಲ್ಲಿ ಹೆಣ ಮನುಷ್ಯನನ್ನು ತಿನ್ನುತ್ತಿರಲಿಲ್ಲ. ಅಲ್ಲಿ ಒಬ್ಬ ಯಜಮಾನ ಹೆಣವನ್ನು ದುಡಿಸುತ್ತಿದ್ದ.

ಇವತ್ತಿನ ಪ್ರಶ್ನೆ ಅದೇ. ಜಾಂಬಿಯ ಯಜಮಾನ ಯಾರು? ಈ ಪ್ರಶ್ನೆ ಹಿಡಿದುಕೊಂಡು ಹೋದರೆ ಸುಮಾರು ತೊಂಬತ್ತು ವರ್ಷದ ಜಾಂಬಿ ಸಿನಿಮಾಗಳ ವ್ಯಂಗ್ಯ ಅರ್ಥ ಆಗುತ್ತೆ. ಆ ಪ್ರಶ್ನೆ ಮರೆತ ಸಿನಿಮಾಗಳಲ್ಲಿ ಏನು ತಪ್ಪಾಯಿತು ಅನ್ನೋದೂ ಕಾಣುತ್ತೆ.

ದೆವ್ವಕ್ಕೆ ಆಸೆ ಇದೆ, ಜಾಂಬಿಗೆ ಇಲ್ಲ

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳೋಣ. ನಮ್ಮ ಕಥೆಗಳ ದೆವ್ವಕ್ಕೆ ಹೆಸರಿದೆ, ಊರಿದೆ, ತೀರದ ಆಸೆ ಇದೆ, ತೀರಿಸಬೇಕಾದ ಸೇಡಿದೆ. ದೆವ್ವದ ಜತೆ ಮಾತಾಡಬಹುದು. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರಬಹುದು. ಆ ಉಪಾಯ ನಡೆಯಬೇಕಾದರೆ ದೆವ್ವಕ್ಕೆ ಕನ್ನಡ ಓದಲು ಬರಬೇಕು, ಮಾತಿಗೆ ಮರ್ಯಾದೆ ಕೊಡುವ ಗುಣವೂ ಇರಬೇಕು. ಅಂದರೆ ಅದು ಇನ್ನೂ ಅರ್ಧ ಮನುಷ್ಯ.

ಜಾಂಬಿಗೆ ಇದ್ಯಾವುದೂ ಇಲ್ಲ. ದೆವ್ವ ಅಂದರೆ ದೇಹ ಬಿಟ್ಟ ಆತ್ಮ. ಜಾಂಬಿ ಅದರ ತಿರುಗುಮುರುಗು: ಆತ್ಮ ಕಳಕೊಂಡ ದೇಹ. ಇಂಥದ್ದೊಂದನ್ನು ಯಾರು, ಯಾಕೆ ಕಲ್ಪಿಸಿಕೊಂಡರು? ಉತ್ತರ ಕೆರಿಬಿಯನ್ ಸಮುದ್ರದ ಒಂದು ದೇಶದಲ್ಲಿದೆ. ಅದರ ಹೆಸರು ಹೈಟಿ.

ಸಕ್ಕರೆ ದ್ವೀಪದ ಭಯ

ಹೈಟಿಯ ಹಳೆಯ ಹೆಸರು ಸೇಂಟ್ ಡೊಮಿಂಗ್. ಫ್ರಾನ್ಸಿನ ವಸಾಹತು. 18ನೇ ಶತಮಾನದಲ್ಲಿ ಯುರೋಪಿನ ಜನ ಚಹಾಕ್ಕೆ, ಕಾಫಿಗೆ ಹಾಕಿಕೊಳ್ಳುತ್ತಿದ್ದ ಸಕ್ಕರೆಯಲ್ಲಿ ದೊಡ್ಡ ಪಾಲು ಇಲ್ಲಿಂದ ಹೋಗುತ್ತಿತ್ತು. ಆ ಕಬ್ಬು ಬೆಳೆಯಲು, ಕಡಿಯಲು, ಅರೆಯಲು ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತುಂಬಿಕೊಂಡು ಬರುತ್ತಿದ್ದರು. 1780ರ ದಶಕದ ಕೊನೆಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಹಡಗಿನಿಂದ ಇಳಿದವರಲ್ಲಿ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ಸತ್ತವರ ಜಾಗಕ್ಕೆ ಹೊಸಬರನ್ನು ತರುವುದು ಮಾಲೀಕರಿಗೆ ಅಗ್ಗವಾಗಿತ್ತು.

ಕೆರಿಬಿಯನ್‌ನ ಕಬ್ಬಿನ ಗಿರಣಿಗಳು ಸುಗ್ಗಿಯಲ್ಲಿ ರಾತ್ರಿಯೂ ನಡೆಯುತ್ತಿದ್ದವು. ನಿದ್ದೆಗಣ್ಣಲ್ಲಿ ಕಬ್ಬು ಕೊಡುವವರ ಕೈ ರೋಲರ್‌ಗೆ ಸಿಕ್ಕಿಬೀಳುತ್ತಿತ್ತು. ಅದಕ್ಕಾಗಿ ಪಕ್ಕದಲ್ಲೇ ಒಂದು ಕೊಡಲಿ ಇಟ್ಟಿರುತ್ತಿದ್ದರು. ಗಿರಣಿ ನಿಲ್ಲಿಸೋದಕ್ಕಲ್ಲ, ತೋಳು ಕಡಿಯೋದಕ್ಕೆ.

ಇಂಥ ಜಾಗದಲ್ಲಿ ಸಾವು ಒಂದು ಬಿಡುಗಡೆ. ಸತ್ತರೆ ಆತ್ಮ ಸಮುದ್ರ ದಾಟಿ ಆಫ್ರಿಕಾಕ್ಕೆ, ಪೂರ್ವಜರ ಊರಿಗೆ ವಾಪಸ್ ಹೋಗುತ್ತದೆ ಎಂದು ಅವರು ನಂಬಿದ್ದರು. ಹಾಗಾದರೆ ಅವರಿಗೆ ಇದ್ದ ಅತಿ ದೊಡ್ಡ ಭಯ ಯಾವುದು? ಸತ್ತ ಮೇಲೂ ಬಿಡುಗಡೆ ಸಿಗದಿರುವುದು. ಮಂತ್ರವಾದಿಯೊಬ್ಬ ನಿಮ್ಮ ಹೆಣವನ್ನು ಗೋರಿಯಿಂದ ಎಬ್ಬಿಸಿ, ನೆನಪು ಕಿತ್ತುಕೊಂಡು, ಮತ್ತೆ ಅದೇ ಕಬ್ಬಿನ ಗದ್ದೆಗೆ ಕಳಿಸುವುದು. ಅದೇ ಜಾಂಬಿ. ಹೈಟಿಯ ಜನ ಜಾಂಬಿಗೆ ಹೆದರುತ್ತಿರಲಿಲ್ಲ, ಜಾಂಬಿ ಆಗುವುದಕ್ಕೆ ಹೆದರುತ್ತಿದ್ದರು.

ಈ ನಂಬಿಕೆಯಲ್ಲಿ ಒಂದು ವಿಚಿತ್ರ ವಿವರ ಇದೆ. ಜಾಂಬಿಗೆ ಉಪ್ಪು ಹಾಕಿದ ಊಟ ಕೊಡಬಾರದು. ಉಪ್ಪಿನ ರುಚಿ ಸಿಕ್ಕರೆ ಅದಕ್ಕೆ ತಾನು ಯಾರು ಅಂತ ನೆನಪಾಗುತ್ತದೆ. ಉಪ್ಪಿನ ಋಣ ಅಂದರೆ ನಮಗೆ ಧಣಿಗೆ ನಿಷ್ಠರಾಗಿರುವುದು. ಅಲ್ಲಿ ಉಪ್ಪು ತಿಂದವನು ಧಣಿಯ ಕೈಯಿಂದ ತಪ್ಪಿಸಿಕೊಳ್ಳುತ್ತಾನೆ.

1791ರಲ್ಲಿ ಈ ಗುಲಾಮರು ದಂಗೆ ಎದ್ದರು. ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರ ಹೈಟಿ ಕಟ್ಟಿದರು. ಗುಲಾಮರೇ ಹೋರಾಡಿ ಗೆದ್ದು ಕಟ್ಟಿಕೊಂಡ ದೇಶ ಅದು. ಅದಕ್ಕೆ ಬೆಲೆ ತೆರಬೇಕಾಯಿತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ‘ನಮ್ಮ ಆಸ್ತಿ ಹೋಯಿತು, ಪರಿಹಾರ ಕೊಡಿ’ ಎಂದು 15 ಕೋಟಿ ಫ್ರಾಂಕ್ ಕೇಳಿತು. ಆ ‘ಆಸ್ತಿ’ಯಲ್ಲಿ ಬಿಡುಗಡೆಯಾದ ಮನುಷ್ಯರೂ ಸೇರಿದ್ದರು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಅದಕ್ಕಾಗಿ ಮಾಡಿದ ಸಾಲಗಳ ಬಾಲ 1947ರವರೆಗೆ ಎಳೆಯಿತು. ಗುಲಾಮಗಿರಿ ಮುಗಿದ ಮೇಲೂ ಹಳೆ ಯಜಮಾನನಿಗೆ ದುಡಿದು ಕೊಡಬೇಕು. ಇಡೀ ದೇಶವನ್ನೇ ಜಾಂಬಿ ಮಾಡಿದ ಹಾಗಾಯಿತು ಅಲ್ವಾ?

ಹಾಲಿವುಡ್‌ಗೆ ಹೋದ ದಾರಿ

1915ರಲ್ಲಿ ಅಮೆರಿಕದ ಸೈನ್ಯ ಹೈಟಿಯನ್ನು ಆಕ್ರಮಿಸಿತು. 1934ರವರೆಗೆ ಅಲ್ಲೇ ಇತ್ತು. ರಸ್ತೆ ಮಾಡಿಸಲು ಒಂದು ಹಳೆಯ ಕಾನೂನನ್ನು ಹುಡುಕಿ ತೆಗೆದು ರೈತರಿಂದ ಬಿಟ್ಟಿ ಚಾಕರಿ ಮಾಡಿಸಿದರು. ವಿರೋಧಿಸಿದ ನಾಯಕ ಷಾರ್ಲೆಮಾನ್ ಪೆರಾಲ್ಟ್‌ನನ್ನು 1919ರಲ್ಲಿ ಕೊಂದು, ಹೆಣವನ್ನು ಬಾಗಿಲಿಗೆ ಕಟ್ಟಿ, ಫೋಟೊ ತೆಗೆದು ಊರೂರಿಗೆ ಹಂಚಿದರು. ಆ ಫೋಟೊ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಆಕ್ರಮಣದ ಕಾಲದಲ್ಲೇ ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ ಪತ್ರಕರ್ತ ಹೈಟಿಗೆ ಬಂದರು. 1929ರಲ್ಲಿ ‘ದ ಮ್ಯಾಜಿಕ್ ಐಲ್ಯಾಂಡ್’ ಎಂಬ ಪುಸ್ತಕ ಬರೆದರು. ಅಮೆರಿಕದ ಸಾಮಾನ್ಯ ಓದುಗರಿಗೆ ಜಾಂಬಿ ಪರಿಚಯ ಆಗಿದ್ದು ಹೆಚ್ಚಾಗಿ ಈ ಪುಸ್ತಕದಿಂದ. ಅದರಲ್ಲಿ ಅವರು ಕೇಳಿಸಿಕೊಂಡ ಒಂದು ಕಥೆ ಹೀಗಿದೆ. ಒಂದು ವರ್ಷ ಕಬ್ಬು ಜೋರಾಗಿ ಬೆಳೆದು, ಹೈಟಿಯನ್ ಅಮೆರಿಕನ್ ಶುಗರ್ ಕಂಪನಿಗೆ ಕೂಲಿಗಳು ಸಾಲುವುದಿಲ್ಲ. ಆಗ ಒಬ್ಬ ಮೇಸ್ತ್ರಿ ಹರಕು ಬಟ್ಟೆಯ, ಶೂನ್ಯ ನೋಟದ ಒಂದು ಗುಂಪನ್ನು ಕರೆತರುತ್ತಾನೆ. ಅವರು ಸದ್ದಿಲ್ಲದೆ ದುಡಿಯುತ್ತಾರೆ. ಕೂಲಿ ಹಣವೆಲ್ಲ ಮೇಸ್ತ್ರಿಯ ಜೇಬಿಗೆ. ಅವನ ಹೆಂಡತಿ ಅವರಿಗೆ ಉಪ್ಪಿಲ್ಲದ ಅಡುಗೆ ಮಾಡಿ ಹಾಕುತ್ತಾಳೆ. ಒಂದು ಹಬ್ಬದ ದಿನ ಅವಳಿಗೆ ಪಾಪ ಅನ್ನಿಸಿ, ಪೇಟೆಯಲ್ಲಿ ಅವರಿಗೆ ಚಿಕ್ಕಿಯಂಥ ಒಂದು ತಿನಿಸು ಕೊಡಿಸುತ್ತಾಳೆ. ಅದರ ಬೀಜಗಳಿಗೆ ಉಪ್ಪು ಬೆರೆತಿರುತ್ತದೆ. ತಿಂದ ಕೂಡಲೇ ತಾವು ಸತ್ತವರು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಚೀರುತ್ತಾ ತಮ್ಮ ಊರಿನ ಬೆಟ್ಟದ ಕಡೆ ನಡೆದು, ತಮ್ಮ ತಮ್ಮ ಗೋರಿಗಳ ಮೇಲೆ ಬಿದ್ದುಕೊಳ್ಳುತ್ತಾರೆ.

ಈ ಕಥೆಯಲ್ಲಿ ಮಂತ್ರ ತಂತ್ರ ಎಷ್ಟಿದೆಯೋ ಲೇಬರ್ ಕಂಟ್ರಾಕ್ಟ್ ಅಷ್ಟೇ ಇದೆ. ಇದರಲ್ಲಿ ಯಾರೂ ಯಾರನ್ನೂ ಕಚ್ಚುವುದಿಲ್ಲ.

ಮೂರು ವರ್ಷದ ನಂತರ, 1932ರಲ್ಲಿ, ವಿಕ್ಟರ್ ಹಾಲ್ಪೆರಿನ್ ನಿರ್ದೇಶನದ ‘ವೈಟ್ ಜಾಂಬಿ’ ಬಂತು. ಪೂರ್ಣಪ್ರಮಾಣದ ಮೊದಲ ಜಾಂಬಿ ಸಿನಿಮಾ ಅಂತ ಇದನ್ನು ಕರೆಯುತ್ತಾರೆ. ಹಿಂದಿನ ವರ್ಷವಷ್ಟೇ ಡ್ರಾಕುಲಾ ಆಗಿ ಹೆಸರು ಮಾಡಿದ್ದ ಬೆಲಾ ಲುಗೋಸಿ ಇಲ್ಲಿ ಹೈಟಿಯ ಸಕ್ಕರೆ ಗಿರಣಿಯ ಮಾಲೀಕ. ಅವನ ಕೂಲಿಗಳೆಲ್ಲ ಜಾಂಬಿಗಳು. ದೊಡ್ಡ ಮರದ ಚಕ್ರವನ್ನು ಗಾಣದ ಎತ್ತುಗಳ ಹಾಗೆ ತಿರುಗಿಸುತ್ತಿರುತ್ತಾರೆ. ಮೇಲಿನಿಂದ ಒಬ್ಬ ಕಾಲುಜಾರಿ ಯಂತ್ರದೊಳಗೆ ಬೀಳುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ. ಚಕ್ರ ಕಿರುಗುಟ್ಟುತ್ತಾ ತಿರುಗುತ್ತಲೇ ಇರುತ್ತದೆ. ಈ ಕೂಲಿಗಳು ಕೆಲಸದ ಗಂಟೆ ಎಷ್ಟು ಅಂತ ತಲೆ ಕೆಡಿಸಿಕೊಳ್ಳಲ್ಲ ಅಂತ ಮಾಲೀಕ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. 1932 ಅಂದರೆ ಮಹಾ ಆರ್ಥಿಕ ಕುಸಿತದ ವರ್ಷ. ಕೆಲಸ ಕಳಕೊಂಡು ಗಂಜಿಗೆ ಸಾಲು ನಿಂತಿದ್ದ ಅಮೆರಿಕನ್ನರಿಗೆ ಆ ದೃಶ್ಯ ಬೇರೆ ದೇಶದ್ದು ಅಂತ ಅನ್ನಿಸಿರಲಾರದು.

ಆದರೆ ಇಲ್ಲೇ ಒಂದು ಕಳ್ಳತನವೂ ಆಯಿತು. ಸಿನಿಮಾದ ಹೆಸರೇ ನೋಡಿ, ‘ವೈಟ್ ಜಾಂಬಿ’. ಕಪ್ಪು ಕೂಲಿಗಳು ಜಾಂಬಿ ಆಗಿದ್ದು ಅಲ್ಲಿ ಹಿನ್ನೆಲೆ ಮಾತ್ರ. ನಿಜವಾದ ಭಯ ಒಬ್ಬ ಬಿಳಿ ಹುಡುಗಿಗೆ ಆ ಗತಿ ಬಂದದ್ದು. ಗುಲಾಮನ ಭಯ ಮಾಲೀಕನ ಭಯವಾಗಿ ಬದಲಾಯಿತು.

1943ರಲ್ಲಿ ಜಾಕ್ ಟೂರ್ನರ್ ನಿರ್ದೇಶಿಸಿದ ‘ಐ ವಾಕ್ಡ್ ವಿತ್ ಎ ಜಾಂಬಿ’ ಮಾತ್ರ ಆ ಕಳ್ಳತನವನ್ನು ಮೆಲ್ಲಗೆ ಒಪ್ಪಿಕೊಂಡಿತು. ಅಲ್ಲಿನ ಕಲ್ಪಿತ ದ್ವೀಪದಲ್ಲಿ ಮಗು ಹುಟ್ಟಿದರೆ ಜನ ಅಳುತ್ತಾರೆ, ಯಾರಾದರೂ ಸತ್ತರೆ ಸಂಭ್ರಮ ಪಡುತ್ತಾರೆ. ಗುಲಾಮಗಿರಿಯ ಕಾಲದಿಂದ ಉಳಿದ ರೂಢಿ ಅದು. ಹೊಸದಾಗಿ ಬಂದ ನರ್ಸ್‌ಗೆ ಗಾಡಿ ಹೊಡೆಯುವವನು, ನಮ್ಮ ಹಿರಿಯರನ್ನು ಸರಪಳಿ ಹಾಕಿ ಹಡಗಿನಲ್ಲಿ ತಂದರು ಅಂತ ಹೇಳಿದರೆ, ಎಷ್ಟು ಚಂದದ ಜಾಗಕ್ಕೆ ತಂದಿದ್ದಾರೆ ಅಂತ ಆಕೆ ಅನ್ನುತ್ತಾಳೆ. ನೀವು ಹಾಗಂದರೆ ಹಾಗೇ ಅಂತ ಅವನು ಸುಮ್ಮನಾಗುತ್ತಾನೆ. ವಿಡಂಬನೆಗೆ ದನಿ ಏರಿಸಲೇಬೇಕು ಅಂತೇನಿಲ್ಲ.

ಯಜಮಾನನಿಲ್ಲದ ಹೆಣಗಳು

ಈಗ 1968ಕ್ಕೆ ವಾಪಸ್ ಬರೋಣ. ರೊಮೆರೊ ಮತ್ತು ಗೆಳೆಯರು ಸುಮಾರು 1 ಲಕ್ಷ 14 ಸಾವಿರ ಡಾಲರ್‌ನಲ್ಲಿ, ಕಪ್ಪುಬಿಳುಪಿನಲ್ಲಿ, ಪೆನ್ಸಿಲ್ವೇನಿಯಾದ ಒಂದು ತೋಟದ ಮನೆಯಲ್ಲಿ ಸಿನಿಮಾ ಮುಗಿಸಿದರು. ರಕ್ತದ ಬದಲಿಗೆ ಚಾಕೊಲೇಟ್ ಸಿರಪ್. ಗಮನಿಸಿ, ಇಡೀ ಸಿನಿಮಾದಲ್ಲಿ ‘ಜಾಂಬಿ’ ಎಂಬ ಪದವೇ ಇಲ್ಲ. ರೊಮೆರೊ ತಮ್ಮ ಹೆಣಗಳನ್ನು ಘೂಲ್, ಅಂದರೆ ಶವ ತಿನ್ನುವ ಪಿಶಾಚಿ ಅಂತ ಕರೆದರು. ಜಾಂಬಿ ಅಂತ ಹೆಸರಿಟ್ಟಿದ್ದು ನೋಡಿದವರು.

ಅವರು ಮಾಡಿದ ಅತಿ ದೊಡ್ಡ ಬದಲಾವಣೆ ನರಮಾಂಸ ಅಲ್ಲ. ಯಜಮಾನನನ್ನೇ ತೆಗೆದುಹಾಕಿದ್ದು. ಮಂತ್ರವಾದಿ ಇಲ್ಲ, ಗಿರಣಿ ಮಾಲೀಕ ಇಲ್ಲ. ಶುಕ್ರಗ್ರಹಕ್ಕೆ ಹೋಗಿ ಬಂದ ನೌಕೆಯ ವಿಕಿರಣ ಇರಬಹುದು ಅಂತ ಟಿವಿಯಲ್ಲಿ ಯಾರೋ ಹೇಳ್ತಾರೆ, ಅಷ್ಟೇ. ಬೈಯಲು ಖಳನಾಯಕನೇ ಇಲ್ಲದ ಕಾರಣ ಕ್ಯಾಮೆರಾ ಮನೆಯೊಳಗೆ ಸಿಕ್ಕಿಹಾಕಿಕೊಂಡ ಏಳು ಜನರ ಕಡೆ ತಿರುಗಿತು. ಅವರು ಏನು ಮಾಡ್ತಾರೆ? ಜಗಳ ಆಡ್ತಾರೆ. ನಾಯಕ ಬೆನ್, ಮೇಲೇ ಇದ್ದು ಬಾಗಿಲಿಗೆ ಹಲಗೆ ಹೊಡೆಯೋಣ ಅನ್ನುತ್ತಾನೆ. ಕೂಪರ್ ಎಂಬ ಗೃಹಸ್ಥ, ನೆಲಮಾಳಿಗೆಗೆ ಇಳಿದು ಚಿಲಕ ಹಾಕಿಕೊಳ್ಳೋಣ ಅನ್ನುತ್ತಾನೆ. ಯಾರು ಯಾರ ಮಾತು ಕೇಳಬೇಕು ಅನ್ನುವ ಈ ಜಗಳದಲ್ಲೇ ಅವರೆಲ್ಲ ಒಬ್ಬೊಬ್ಬರಾಗಿ ಹೋಗುತ್ತಾರೆ.

ಬೆನ್ ಒಬ್ಬನೇ ಬೆಳಗಿನವರೆಗೆ ಉಳಿಯುತ್ತಾನೆ. ಅದೂ ತಾನು ಬೇಡ ಅಂದಿದ್ದ ಆ ನೆಲಮಾಳಿಗೆಯಲ್ಲೇ. ಬೆಳಿಗ್ಗೆ ಬಂದೂಕು, ನಾಯಿಗಳ ಜತೆ ಬಂದ ಶೆರಿಫ್‌ನ ಗುಂಪು ಕಿಟಕಿಯಲ್ಲಿ ಕಂಡ ಅವನನ್ನು ಯಾರು, ಏನು ಅಂತ ಕೇಳದೆ ಹಣೆಗೆ ಗುರಿಯಿಟ್ಟು ಹೊಡೆಯುತ್ತದೆ. ಆಮೇಲೆ ಪರದೆ ಮೇಲೆ ಚಲಿಸುವ ಚಿತ್ರ ಇಲ್ಲ, ಪತ್ರಿಕೆಯಲ್ಲಿ ಬರುವಂಥ ಒರಟು ಸ್ಥಿರಚಿತ್ರಗಳು ಮಾತ್ರ. ಮಾಂಸದ ಕೊಕ್ಕೆ ಹಿಡಿದ ಕೈಗಳು, ಎಳೆದೊಯ್ಯುವ ದೇಹ, ಸೌದೆ ರಾಶಿ, ಬೆಂಕಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಂಪು ಸೇರಿ ಕಪ್ಪು ಜನರನ್ನು ಕೊಂದು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಚರಿತ್ರೆ ಗೊತ್ತಿದ್ದವರಿಗೆ ಆ ಚಿತ್ರಗಳನ್ನು ವಿವರಿಸಬೇಕಿರಲಿಲ್ಲ. ಹೈಟಿಯಲ್ಲಿ ಬಾಗಿಲಿಗೆ ಕಟ್ಟಿದ ಪೆರಾಲ್ಟ್‌ನ ಫೋಟೊ ನೆನಪಿದೆಯಾ? ರೊಮೆರೊಗೆ ಅದು ಗೊತ್ತಿತ್ತು ಅಂತ ನಾನು ಹೇಳ್ತಾ ಇಲ್ಲ. ಆ ಎರಡೂ ಚಿತ್ರಗಳು ಒಂದೇ ಮಾತು ಹೇಳುತ್ತವೆ ಅಂತ ಮಾತ್ರ ಹೇಳ್ತಾ ಇದ್ದೀನಿ.

ಇನ್ನೊಂದು ತಮಾಷೆ ಕೇಳಿ. ಕೊನೆ ಗಳಿಗೆಯಲ್ಲಿ ವಿತರಕರು ಸಿನಿಮಾದ ಹೆಸರು ಬದಲಿಸಿದರು. ಆಗ ಹಳೆ ಹೆಸರಿನ ಜತೆ ಇದ್ದ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಅಂದಿನ ಕಾನೂನಿನ ಪ್ರಕಾರ ಸಿನಿಮಾ ಸಾರ್ವಜನಿಕರ ಸೊತ್ತಾಯಿತು. ಮಾಡಿದವರಿಗೆ ಬರಬೇಕಾದ ಎಷ್ಟೋ ದುಡ್ಡು ಬರಲಿಲ್ಲ. ಆದರೆ ಆ ಸಿನಿಮಾವನ್ನು ಯಾರು ಬೇಕಾದರೂ ತೋರಿಸಬಹುದಾಯಿತು. ಹೀಗೆ ಜಾಂಬಿ ಪರದೆ ಮೇಲಷ್ಟೇ ಅಲ್ಲ, ಕಾಗದದ ಮೇಲೂ ಯಜಮಾನನಿಲ್ಲದ ಪ್ರಾಣಿಯಾಗಿ ಲೋಕ ಸುತ್ತಲು ಹೊರಟಿತು.

ಮಾಲ್‌ನ ಗಾಜಿನ ಬಾಗಿಲು

ಹತ್ತು ವರ್ಷದ ನಂತರ ರೊಮೆರೊ ಹೊಸ ಯಜಮಾನನನ್ನು ಪತ್ತೆ ಮಾಡಿದರು. 1978ರ ‘ಡಾನ್ ಆಫ್ ದ ಡೆಡ್’ ನಡೆಯುವುದು ಒಂದು ಶಾಪಿಂಗ್ ಮಾಲ್‌ನಲ್ಲಿ. ಅದು ಸೆಟ್ ಅಲ್ಲ, ಪಿಟ್ಸ್‌ಬರ್ಗ್ ಪಕ್ಕದ ಮನ್ರೋವಿಲ್ ಮಾಲ್. 1969ರಲ್ಲಿ ಶುರುವಾದದ್ದು. ಅಂಗಡಿಗಳು ಮುಚ್ಚಿದ ಮೇಲೆ ರಾತ್ರಿಯಿಡೀ ಶೂಟಿಂಗ್, ಬೆಳಿಗ್ಗೆ ಗಿರಾಕಿಗಳು ಬರುವಷ್ಟರಲ್ಲಿ ನೆಲ ಒರೆಸಿ ಖಾಲಿ ಮಾಡಬೇಕು. ಕ್ರಿಸ್‌ಮಸ್ ಅಲಂಕಾರ ಹಾಕಿದಾಗ ಶೂಟಿಂಗ್ ನಿಲ್ಲಿಸಿ, ತೆಗೆದ ಮೇಲೆ ಮುಂದುವರಿಸಿದರು.

ಆ ಪ್ರದೇಶದ ಬದುಕು ನಡೆದದ್ದು ಉಕ್ಕಿನ ಕಾರ್ಖಾನೆಗಳ ಮೇಲೆ. ಶೂಟಿಂಗ್ ಶುರುವಾಗುವ ಕೆಲವೇ ವಾರಗಳ ಹಿಂದೆ, 1977ರ ಸೆಪ್ಟೆಂಬರ್ 19ರ ಸೋಮವಾರ, ಹತ್ತಿರದ ಯಂಗ್ಸ್‌ಟೌನ್‌ನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಸುಮಾರು 5,000 ಕೆಲಸ ಹೋಯಿತು. ಮುಂದಿನ ವರ್ಷಗಳಲ್ಲಿ ಪಿಟ್ಸ್‌ಬರ್ಗ್ ಸುತ್ತಲೂ ಅದೇ ಕಥೆ. ಒಂದು ಕಡೆ ಕಾರ್ಖಾನೆಯ ಗೇಟು ಮುಚ್ಚುತ್ತಿದೆ, ಇನ್ನೊಂದು ಕಡೆ ಮಾಲ್‌ನ ಬಾಗಿಲು ತೆರೆಯುತ್ತಿದೆ. ದುಡಿಯುವವನು ಗಿರಾಕಿಯಾಗಿ ಬದಲಾಗುವ ಹೊತ್ತಿನಲ್ಲೇ ಜಾಂಬಿಯೂ ಗಿರಾಕಿಯಾಯಿತು.

ಸಿನಿಮಾದಲ್ಲಿ ನಾಲ್ವರು ಹೆಲಿಕಾಪ್ಟರ್‌ನಲ್ಲಿ ಬಂದು ಮಾಲ್‌ನ ಮಾಳಿಗೆಗೆ ಇಳಿಯುತ್ತಾರೆ. ಕೆಳಗೆ ಹೆಣಗಳು ಎಸ್ಕಲೇಟರ್ ಮೇಲೆ ತಡವರಿಸುತ್ತಾ, ಗಾಜಿಗೆ ಮುಖ ಒತ್ತಿಕೊಂಡು ಅಲೆಯುತ್ತಿವೆ. ಇಲ್ಲಿಗೇ ಯಾಕೆ ಬರ್ತಾರೆ ಅಂತ ಒಬ್ಬಳು ಕೇಳಿದರೆ, ಬದುಕಿದ್ದಾಗಿನ ಅಭ್ಯಾಸದ ನೆನಪಿರಬೇಕು, ಈ ಜಾಗ ಅವರಿಗೆ ಮುಖ್ಯವಾಗಿತ್ತು ಎಂಬರ್ಥದ ಉತ್ತರ ಬರುತ್ತದೆ. ನಗು ಬರುತ್ತೆ, ಹಿಂದೆಯೇ ಮುಜುಗರ. ಹೈಟಿಯ ಜಾಂಬಿಗೆ ನೆನಪು ಬಂದರೆ ಬಿಡುಗಡೆ. ಮಾಲ್‌ನ ಜಾಂಬಿಗೆ ಉಳಿದಿರುವ ನೆನಪೇ ಶಾಪಿಂಗ್.

ಚುಚ್ಚುವ ಮಾತು ಆಮೇಲೆ ಬರುತ್ತದೆ. ನಾಲ್ವರು ಬಾಗಿಲುಗಳಿಗೆ ಲಾರಿ ಅಡ್ಡ ನಿಲ್ಲಿಸಿ, ಒಳಗಿನ ಹೆಣಗಳನ್ನು ಕೊಂದು, ಮಾಲ್ ತಮ್ಮದು ಮಾಡಿಕೊಳ್ಳುತ್ತಾರೆ. ಬೇಕಾದ ಬಟ್ಟೆ, ಟಿವಿ, ಬ್ಯಾಂಕಿನ ನೋಟಿನ ಕಟ್ಟು, ಎಲ್ಲ ಪುಕ್ಕಟೆ. ಕೆಲವು ದಿನ ಹಬ್ಬ. ಆಮೇಲೆ ಏನೂ ತೋಚದ ಬೇಸರ. ಕೊನೆಗೆ ಬೈಕ್‌ ಗ್ಯಾಂಗ್ ನುಗ್ಗಿದಾಗ ಸುಮ್ಮನೆ ಅಡಗಿದ್ದರೆ ಬದುಕಬಹುದಿತ್ತು. ಆದರೆ ಸ್ಟೀಫನ್ ಎಂಬವನು ಇದು ನಮ್ಮದು ಅಂತ ಗುಂಡು ಹಾರಿಸುತ್ತಾನೆ. ಸತ್ತು ಜಾಂಬಿ ಆಗುತ್ತಾನೆ. ಹಳೆ ನೆನಪಿನಿಂದಲೇ ಗೆಳೆಯರು ಅಡಗಿದ ಜಾಗಕ್ಕೆ ಹೆಣಗಳ ಹಿಂಡನ್ನು ಕರೆದುಕೊಂಡು ಬರುತ್ತಾನೆ. ತನ್ನದಲ್ಲದ ಅಂಗಡಿಗಾಗಿ ಪ್ರಾಣ ಕೊಟ್ಟವನು. ಆ ಮಾಲ್‌ನಲ್ಲಿ ಮನುಷ್ಯರಿಗೂ ಹೆಣಗಳಿಗೂ ಯಜಮಾನ ಒಬ್ಬನೇ.

2005ರ ‘ಲ್ಯಾಂಡ್ ಆಫ್ ದ ಡೆಡ್’ನಲ್ಲಿ ರೊಮೆರೊ ಇನ್ನೂ ನೇರವಾದರು. ಶ್ರೀಮಂತರು ಗಾಜಿನ ಗೋಪುರದಲ್ಲಿ, ಬಡವರು ಕೆಳಗಿನ ಕೊಳೆಗೇರಿಯಲ್ಲಿ, ಜಾಂಬಿಗಳು ಬೇಲಿಯ ಆಚೆ. ಆಕಾಶದಲ್ಲಿ ಬಾಣಬಿರುಸು ಹಾರಿಸಿದರೆ ಜಾಂಬಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಲ್ಲುತ್ತವೆ. ಅಷ್ಟರಲ್ಲಿ ಅವುಗಳ ಊರು ದೋಚಬಹುದು. ಒಂದು ದಿನ ಪೆಟ್ರೋಲ್ ಬಂಕ್‌ನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕಪ್ಪು ಜಾಂಬಿ ಆಕಾಶ ನೋಡುವುದನ್ನು ನಿಲ್ಲಿಸುತ್ತಾನೆ. ಆ ಸಿನಿಮಾದಲ್ಲಿ ಕ್ರಾಂತಿ ಅಲ್ಲಿಂದ ಶುರು.

ಲಂಡನ್, ಹವಾನಾ, ಬೂಸಾನ್

ಹೊತ್ತಿಗೆ ಈ ಉಪಾಯ ಬೇರೆ ದೇಶಗಳಿಗೂ ಹೋಗಿತ್ತು. 2004ರ ಬ್ರಿಟಿಷ್ ಸಿನಿಮಾ ‘ಶಾನ್ ಆಫ್ ದ ಡೆಡ್’ನಲ್ಲಿ ನಾಯಕ ಬೆಳಿಗ್ಗೆ ಎದ್ದು ಅರೆನಿದ್ದೆಯಲ್ಲಿ ಮೂಲೆ ಅಂಗಡಿಗೆ ಹೋಗಿ ಬರುತ್ತಾನೆ. ಸುತ್ತ ಜಾಂಬಿಗಳಿವೆ, ಅವನಿಗೆ ಗೊತ್ತೇ ಆಗಲ್ಲ. ದಿನಾ ನೋಡುವ ಲಂಡನ್ನಿನ ಜನಕ್ಕೂ ಇವಕ್ಕೂ ಅಷ್ಟೊಂದು ವ್ಯತ್ಯಾಸ ಇಲ್ಲ ನೋಡಿ! ಆದರೆ ಕೊನೆಯ ಕೆಲವು ನಿಮಿಷ ಮಿಸ್ ಮಾಡ್ಕೋಬೇಡಿ. ಹಾವಳಿ ಮುಗಿದ ಮೇಲೆ ಉಳಿದ ಜಾಂಬಿಗಳನ್ನು ಸೂಪರ್‌ಮಾರ್ಕೆಟ್‌ನಲ್ಲಿ ಟ್ರಾಲಿ ತಳ್ಳುವ ಕೆಲಸಕ್ಕೆ ಹಾಕಿಕೊಂಡಿರುತ್ತಾರೆ. ಸಂಬಳ ಇಲ್ಲ, ರಜೆ ಇಲ್ಲ. ಕತ್ತಿಗೆ ಸರಪಳಿ. ನಗಿಸುತ್ತಲೇ ಸಿನಿಮಾ ಸೀದಾ ಹೈಟಿಯ ಕಬ್ಬಿನ ಗದ್ದೆಗೆ ವಾಪಸ್ ಹೋಗಿದೆ.

2011ರ ಕ್ಯೂಬಾದ ‘ಹ್ವಾನ್ ಆಫ್ ದ ಡೆಡ್’ನಲ್ಲಿ ಹವಾನಾದ ಬೀದಿಯಲ್ಲಿ ಜಾಂಬಿಗಳು ಜನರನ್ನು ಕಚ್ಚುತ್ತಿದ್ದರೆ, ಸರ್ಕಾರಿ ಟಿವಿ ಇವರು ಅಮೆರಿಕದ ದುಡ್ಡು ತಿಂದ ಭಿನ್ನಮತೀಯರು ಅಂತ ಸುದ್ದಿ ಓದುತ್ತಿರುತ್ತದೆ. ನಾಯಕನೋ, ನಿಮ್ಮ ಪ್ರೀತಿಪಾತ್ರರು ಜಾಂಬಿ ಆಗಿದ್ದರೆ ನಾವು ಬಂದು ಕೊಂದುಕೊಡ್ತೀವಿ ಅಂತ ಫೀಸು ನಿಗದಿ ಮಾಡಿ ವ್ಯಾಪಾರಕ್ಕೆ ಇಳಿಯುತ್ತಾನೆ. ಒಂದೇ ಕಲ್ಲಿಗೆ ಸರ್ಕಾರವೂ ಸಿಕ್ಕಿತು, ವ್ಯಾಪಾರವೂ ಸಿಕ್ಕಿತು.

ಇನ್ನು ನಿಮ್ಮಲ್ಲಿ ಬಹಳ ಜನ ನೋಡಿರುವ ಸಿನಿಮಾಕ್ಕೆ ಬರ್ತೀನಿ. ‘ಟ್ರೈನ್ ಟು ಬೂಸಾನ್’, ದಕ್ಷಿಣ ಕೊರಿಯಾ, 2016, ನಿರ್ದೇಶಕ ಯಾನ್ ಸಾಂಗ್ ಹೋ. ಇದನ್ನು ಕೊರಿಯಾದ ಜನ ನೋಡಿದ ಕಣ್ಣೇ ಬೇರೆ. ಎರಡು ವರ್ಷದ ಹಿಂದೆ, 2014ರ ಏಪ್ರಿಲ್ 16ರಂದು, ಸೆವೋಲ್ ಎಂಬ ಪ್ರಯಾಣಿಕರ ಹಡಗು ಮುಳುಗಿ 304 ಜನ ಸತ್ತಿದ್ದರು. ಅವರಲ್ಲಿ 250 ಮಂದಿ ಪ್ರವಾಸಕ್ಕೆ ಹೊರಟಿದ್ದ ಒಂದೇ ಹೈಸ್ಕೂಲಿನ ಮಕ್ಕಳು. ಹಡಗು ವಾಲುತ್ತಿದ್ದಾಗ ಇದ್ದಲ್ಲೇ ಇರಿ ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರು. ಮಕ್ಕಳು ಮಾತು ಕೇಳಿದರು. ಕ್ಯಾಪ್ಟನ್ ಮೊದಮೊದಲು ಪಾರಾದವರಲ್ಲಿ ಒಬ್ಬ.

ಈ ಗಾಯದ ಮೇಲೆ ಆ ರೈಲು ಓಡುತ್ತದೆ. ಟಿವಿಯಲ್ಲಿ ಸರ್ಕಾರ ಇದನ್ನು ಗಲಭೆ ಅನ್ನುತ್ತದೆ, ಗಾಬರಿ ಬೇಡ ಅನ್ನುತ್ತದೆ. ನಾಯಕ ಒಬ್ಬ ಫಂಡ್ ಮ್ಯಾನೇಜರ್. ಸೋಂಕು ಸೋರಿದ ಕಂಪನಿಯನ್ನು ಮುಳುಗದ ಹಾಗೆ ಎತ್ತಿ ಹಿಡಿದದ್ದು ಅವನ ಆಫೀಸೇ ಅಂತ ನಡುದಾರಿಯಲ್ಲಿ ಫೋನಿನಲ್ಲಿ ಗೊತ್ತಾಗುತ್ತದೆ. ಯಜಮಾನ ಯಾರು ಅನ್ನೋ ಪ್ರಶ್ನೆಗೆ ಇಲ್ಲಿ ಉತ್ತರ ಹೊರಗಿನಿಂದ ಬರಲ್ಲ. ಅವನು ಅದೇ ರೈಲಿನಲ್ಲಿ, ಮಗಳ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ.

ಆ ಸಿನಿಮಾದ ಅತಿ ಭಯಾನಕ ದೃಶ್ಯದಲ್ಲಿ ಕಚ್ಚುವವರು ಜಾಂಬಿಗಳಲ್ಲ. ಹಿಂದಿನ ಬೋಗಿಗಳಿಂದ ಜೀವ ಕೈಯಲ್ಲಿ ಹಿಡಿದು ಬಂದವರಿಗೆ ಮುಂದಿನ ಬೋಗಿಯವರು ಬಾಗಿಲು ತೆಗೆಯುವುದಿಲ್ಲ. ಸೂಟು ತೊಟ್ಟ ಒಬ್ಬ ಕಂಪನಿ ಅಧಿಕಾರಿ, ಇವರಿಗೆ ಸೋಂಕು ತಗಲಿದೆ ಅಂತ ಎಲ್ಲರನ್ನೂ ಎತ್ತಿಕಟ್ಟುತ್ತಾನೆ. ಆಗ ಒಬ್ಬ ವಯಸ್ಸಾದ ಹೆಂಗಸು, ಗಾಜಿನ ಆಚೆ ಜಾಂಬಿ ಆಗಿ ನಿಂತ ತನ್ನ ಅಕ್ಕನನ್ನು ನೋಡುತ್ತಾಳೆ. ಈಚೆಯ ‘ಮನುಷ್ಯ’ರನ್ನೂ ನೋಡುತ್ತಾಳೆ. ಎದ್ದು ಹೋಗಿ ಜಾಂಬಿಗಳ ಕಡೆಯ ಬಾಗಿಲು ತೆಗೆದುಬಿಡುತ್ತಾಳೆ.

ಕೊನೆಯಲ್ಲಿ ಬದುಕಿ ಉಳಿದ ಒಬ್ಬ ಬಸುರಿ ಮತ್ತು ಪುಟ್ಟ ಹುಡುಗಿ ಕತ್ತಲೆ ಸುರಂಗದಲ್ಲಿ ನಡೆದು ಬರುತ್ತಾರೆ. ಆಚೆ ಸೈನಿಕರು ಗುರಿಯಿಟ್ಟು ನಿಂತಿದ್ದಾರೆ, ಹೊಡೆಯಿರಿ ಅಂತ ಆದೇಶವೂ ಬಂದಿದೆ. ಅಷ್ಟರಲ್ಲಿ ಹುಡುಗಿ ಅಳುತ್ತಾ ಹಾಡುವುದು ಕೇಳುತ್ತದೆ. ಬಂದೂಕು ಕೆಳಗಿಳಿಯುತ್ತದೆ. ಆ ದೃಶ್ಯದ ಪಕ್ಕದಲ್ಲಿ 1968ರ ಕಿಟಕಿಯನ್ನು ಇಟ್ಟು ನೋಡಿ. ಬೆನ್‌ಗೆ ಯಾರೂ ಅಷ್ಟು ಸಮಯ ಕೊಡಲಿಲ್ಲ.

ವ್ಯಂಗ್ಯ ತಪ್ಪಿದರೆ

ಎಲ್ಲ ಜಾಂಬಿ ಸಿನಿಮಾಗಳೂ ಹೀಗಿಲ್ಲ. 2013ರ ‘ವರ್ಲ್ಡ್ ವಾರ್ ಝಡ್’ ನೋಡಿ. ಜೆರುಸಲೇಮ್ ಊರು ದೊಡ್ಡ ಗೋಡೆ ಕಟ್ಟಿಕೊಂಡು ಸುರಕ್ಷಿತವಾಗಿದೆ. ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಳಬಂದ ಜನ ಖುಷಿಯಿಂದ ಹಾಡುತ್ತಾರೆ. ಆ ಹಾಡಿನ ಸದ್ದಿಗೆ ಜಾಂಬಿಗಳು ಇರುವೆಗಳ ಹಾಗೆ ಒಂದರ ಮೇಲೊಂದು ಹತ್ತಿ ಗೋಡೆ ದಾಟಿ ಊರನ್ನೇ ನುಂಗುತ್ತವೆ. ಬೂಸಾನ್‌ನಲ್ಲಿ ಹಾಡು ಜೀವ ಉಳಿಸಿತು, ಇಲ್ಲಿ ಹಾಡೇ ಊರು ಮುಳುಗಿಸಿತು. ಸಿನಿಮಾ ಮಾಡಿದವರ ಮನಸ್ಸಿನಲ್ಲಿ ಏನಿತ್ತೋ, ನೋಡುವವರಿಗೆ ದಾಟುವ ಪಾಠ ಮಾತ್ರ ಇದು: ಬಾಗಿಲು ತೆಗೆದಿದ್ದೇ ತಪ್ಪು.

ಜಾಂಬಿಯ ಅಪಾಯ ಇರೋದು ಇಲ್ಲೇ. ಹೆಸರಿಲ್ಲ, ಮಾತಿಲ್ಲ, ಕರುಣೆ ತೋರಿಸಬೇಕಾಗಿಲ್ಲ, ಎಷ್ಟು ಕೊಂದರೂ ಪಾಪ ಇಲ್ಲ. ಇಂಥದ್ದೊಂದು ಗುಂಪನ್ನು ಪರದೆ ಮೇಲೆ ಮತ್ತೆ ಮತ್ತೆ ನೋಡಿ ಅಭ್ಯಾಸ ಆದರೆ, ಸುದ್ದಿಯಲ್ಲಿ ಗಡಿ ದಾಟಿ ಬರುವ ಜನರ ಗುಂಪು ಕಂಡಾಗಲೂ ನಮ್ಮ ಕಣ್ಣು ಹಾಗೇ ನೋಡಬಹುದು. ಗುಲಾಮರ ದುಃಖದಿಂದ ಹುಟ್ಟಿದ ಕಥೆಯನ್ನು ಅಂಥದ್ದೇ ಜನರ ವಿರುದ್ಧ ತಿರುಗಿಸಿದ ಹಾಗೆ.

ಭಾರತದಲ್ಲೂ ಜಾಂಬಿಗಳು ಬಂದಿವೆ. 2013ರಲ್ಲಿ ಹಿಂದಿಯ ‘ಗೋ ಗೋವಾ ಗಾನ್’, 2016ರಲ್ಲಿ ತಮಿಳಿನ ‘ಮಿರುದನ್’, 2021ರಲ್ಲಿ ತೆಲುಗಿನ ‘ಜಾಂಬಿ ರೆಡ್ಡಿ’. ‘ಗೋ ಗೋವಾ ಗಾನ್’ನಲ್ಲಿ, ನಮ್ಮ ದೇಶದಲ್ಲಿ ಭೂತ ಪ್ರೇತ ಇರುತ್ತೆ, ಈ ಜಾಂಬಿ ಎಲ್ಲಿಂದ ಬಂತು ಅಂತ ಹುಡುಗರು ತಲೆ ಕೆರೆದುಕೊಂಡು, ತಪ್ಪನ್ನು ಜಾಗತೀಕರಣದ ತಲೆಗೆ ಕಟ್ಟುವ ಜೋಕ್ ಇದೆ. ನಕ್ಕು ಸುಮ್ಮನಾಗುವ ಮಾತು. ಆದರೆ ನಿಜವಾದ ಮಾತು ಕೂಡ. ಆಫ್ರಿಕಾದ ಮನುಷ್ಯರು, ಕೆರಿಬಿಯನ್ ಕಬ್ಬು, ಫ್ರಾನ್ಸಿನ ಬಂಡವಾಳ, ಯುರೋಪಿನ ಚಹಾ ಕಪ್ಪು. ಜಾಂಬಿ ಹುಟ್ಟಿದ್ದೇ ಜಾಗತಿಕ ವ್ಯಾಪಾರದ ಗದ್ದೆಯಲ್ಲಿ.

ಹಾಗಾಗಿ ಮುಂದಿನ ಸಲ ಜಾಂಬಿ ಸಿನಿಮಾ ಹಾಕಿದಾಗ ಎರಡೇ ಪ್ರಶ್ನೆ ಕೇಳಿ ನೋಡಿ. ಈ ಹೆಣಗಳು ಹೀಗಾಗಿದ್ದರಿಂದ ಲಾಭ ಯಾರಿಗೆ? ಬಾಗಿಲು ಮುಚ್ಚುವಾಗ ಕ್ಯಾಮೆರಾ ಯಾವ ಕಡೆ ಇದೆ? ಉತ್ತರ ಸಿಕ್ಕರೆ ಆ ಸಿನಿಮಾ ನಿಮಗೆ ಚಿಟಿಕೆ ಉಪ್ಪು ಕೊಟ್ಟಿದೆ ಅಂತ ಅರ್ಥ. ಉಪ್ಪು ತಿಂದವರು ಹೈಟಿಯ ಕಥೆಯಲ್ಲಿ ಏನು ಮಾಡಿದರು ಅಂತ ನಿಮಗೆ ಈಗ ಗೊತ್ತು.

ಈ ಸಂಚಿಕೆ ಇಷ್ಟ ಆದರೆ ಜಾಂಬಿ ಸಿನಿಮಾ ಅಂದರೆ ಮೂಗು ಮುರಿಯುವ ಒಬ್ಬ ಗೆಳೆಯನಿಗೆ ಕಳಿಸಿ.